ತಲೆ ಎತ್ತಮ್ಮ

ನಾನು ನಿದ್ದೆಯಲ್ಲಿ ಮಾತಾಡುತ್ತೇನೆ ಅನ್ನೋದು ನನ್ನ ಹೆಂಡತಿಯ ಬಹುಕಾಲದ ದೂರು. ಬೇರೆ ಗಂಡಸರು ನಿದ್ದೆಗಣ್ಣಲ್ಲಿ ಸಾಲ ಕೊಟ್ಟವನ ಹೆಸರನ್ನೋ ಕಾಲೇಜಿನಲ್ಲಿ ಕಂಡವಳ ಹೆಸರನ್ನೋ ಬಡಬಡಿಸಿದರೆ, ನಾನು ಬಲು ಸ್ಪಷ್ಟವಾಗಿ, ಗೌರವದಿಂದಲೇ, "ತಲೆ ಎತ್ತಮ್ಮ... ಇನ್ನೊಂಚೂರು... ಹಾಂ, ಹಂಗೇ ಇರಿ" ಅನ್ನುತ್ತೇನಂತೆ. ಮದುವೆಯಾದ ಹೊಸದರಲ್ಲಿ ಅವಳು ಗಾಬರಿಬಿದ್ದು ಎದ್ದು ಕೂತದ್ದುಂಟು. ಈಗ ಮಗ್ಗುಲು ಬದಲಿಸಿ ಮಲಗುತ್ತಾಳೆ.

ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವವನ ಬಾಯಲ್ಲಿ ಬೇರೆ ಮಾತು ಎಲ್ಲಿಂದ ಬರಬೇಕು? ಇರೋದು ಮೂರೇ: ತಲೆ ಎತ್ತಮ್ಮ, ಗಲ್ಲ ಈ ಕಡೆ, ಸ್ವಲ್ಪ ನಗಮ್ಮ. ಹನೂರು ದಾಟಿ ಮಾರ್ಟಳ್ಳಿ ಕಡೆಯ ಮದುವೆಯಾದರೆ ಇದನ್ನೇ ತಮಿಳಿನಲ್ಲಿ ಹೇಳುತ್ತೇನೆ, "ಕೊಂಜಂ ಸಿರಿಮ್ಮಾ". ನಮ್ಮ ಕೊಳ್ಳೇಗಾಲ 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ. ಆ ಕಾಲದಲ್ಲಿ ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟರೆ, ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿಯಾದರೂ, ಹೆಣ್ಣನ್ನು ರಾಜ್ಯ ದಾಟಿಸಿದ ಲೆಕ್ಕ.

ನಾನು ಕೆಲಸ ಕಲಿತದ್ದು ರೋಲಿನ ಕಾಲದಲ್ಲಿ. ರೋಲಿಗೆ 36 ಫೋಟೋ. ಮೊದಲ ಸುತ್ತನ್ನು ಜಾಣತನದಿಂದ ಹಾಕಿಕೊಂಡರೆ 37, ಅದೃಷ್ಟ ಖುಲಾಯಿಸಿದರೆ 38. ಬಡವರ ಮದುವೆಗೆ ಎರಡು ರೋಲು, ಅನುಕೂಲಸ್ಥರಿಗೆ ನಾಲ್ಕು. ನನಗೆ ಕೆಲಸ ಕಲಿಸಿದ ಯಜಮಾನರು ಒಂದೊಂದು ಸಲ ಬಟನ್ ಒತ್ತಿದಾಗಲೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು, ಜೇಬಿನಿಂದ ಯಾರೋ ಕಾಸು ಎತ್ತಿದ ಹಾಗೆ. ಆ ಜಿಪುಣತನದೊಳಗೆ ಒಂದು ಕರುಣೆಯೂ ಇತ್ತು ಅಂತ ಈಗ ಅನ್ನಿಸುತ್ತದೆ. ಎಂಥ ನಾಚಿಕೆಯ ಹೆಣ್ಣಾದರೂ ಇಡೀ ಮದುವೆಯಲ್ಲಿ ಹತ್ತು ಹನ್ನೆರಡು ಸಲ ಕ್ಯಾಮೆರಾ ಕಡೆ ನೋಡಿದರೆ ಮುಗಿಯಿತು, ಆಮೇಲೆ ಅವಳ ಪಾಡಿಗೆ ಅವಳು. ಈಗ ಒಂದು ಮದುವೆಗೆ ಮೂರು ನಾಲ್ಕು ಸಾವಿರ ಫೋಟೋ ತುಂಬಿಕೊಂಡು ಬರುತ್ತೇವೆ. ಉಗುರಿಗೆ ಬಣ್ಣ ಹಚ್ಚಿಕೊಳ್ಳುವಾಗಿನಿಂದ ಹಿಡಿದು ಕಾರು ಹತ್ತಿ ಅಳುವ ತನಕ ಬಿಡುವುದಿಲ್ಲ. ಅಳು ಸರಿಯಾಗಿ ಬರಲಿಲ್ಲವೆಂದು ಕಾರಿನಿಂದ ಇಳಿಸಿ ಮತ್ತೊಮ್ಮೆ ಹತ್ತಿಸಿದ ಹುಡುಗರನ್ನೂ ಕಂಡಿದ್ದೇನೆ. ಹತ್ತಿಸಿದವರಲ್ಲಿ ನಾನೂ ಒಬ್ಬ ಅನ್ನೋದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಇಂಥ ನನ್ನ ಮೂರು ವಾಕ್ಯವೂ ಒಟ್ಟಿಗೇ ಮಣ್ಣುಮುಕ್ಕಿದ್ದು ಒಂದು ಮದುವೆಯಲ್ಲಿ. ಹನೂರಿನ ಹತ್ತಿರದ ಹಳ್ಳಿ, 2020ರ ಜೂನ್.

ಆ ವರ್ಷದ ಜೂನ್ ಯಾರಿಗೆ ಮರೆಯುತ್ತದೆ? ರಾಜ್ಯದ ಉಳಿದ ಜಿಲ್ಲೆಗಳಿಗೆಲ್ಲ ಕೊರೋನಾ ಕಾಲಿಟ್ಟು ಸುತ್ತಾಡಿಕೊಂಡಿದ್ದರೂ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಇರಲಿಲ್ಲ. ಮಾದಪ್ಪನೇ ಗಡಿ ಕಾಯುತ್ತಿದ್ದಾನೆ ಅಂತ ನಮ್ಮ ಜನ ಎದೆಯುಬ್ಬಿಸಿಕೊಂಡು ಓಡಾಡುತ್ತಿರುವಾಗಲೇ, ಜೂನ್ ಎರಡನೇ ವಾರ ನಮ್ಮಲ್ಲೂ ಮೊದಲನೆಯದು ಕಾಣಿಸಿಕೊಂಡಿತು. ಅದುವರೆಗೆ ಗಲ್ಲದ ಕೆಳಗೆ ಇಳಿಬಿದ್ದಿದ್ದ ಮಾಸ್ಕುಗಳು ಒಂದೇ ರಾತ್ರಿಯಲ್ಲಿ ಮೂಗಿನ ಮೇಲಕ್ಕೆ ಏರಿದವು. ಮದುವೆಗೆ 50 ಜನ, ಮೀರುವಂತಿಲ್ಲ. 21ಕ್ಕೆ ಸೂರ್ಯಗ್ರಹಣ, ಅದು ಕಳೆದರೆ ಆಷಾಢ. ಕೊಳ್ಳೇಗಾಲದ ಛತ್ರವೊಂದರಲ್ಲಿ ಸಾವಿರ ಎಲೆ ಹಾಕಿಸಬೇಕೆಂದಿದ್ದ ಹೆಣ್ಣಿನ ತಂದೆ ಅಡ್ವಾನ್ಸ್ ಕೊಟ್ಟ ದುಡ್ಡಿಗೆ ಎಳ್ಳುನೀರು ಬಿಟ್ಟು, ಗ್ರಹಣಕ್ಕೆ ಒಂದು ವಾರ ಮುಂಚೆ ಮನೆಯ ಮುಂದೆಯೇ ಚಪ್ಪರ ಹಾಕಿಸಿದರು. ನಾನು ಮಾಮೂಲಾಗಿ ಮೂರು ಹುಡುಗರ ತಂಡ ಕಟ್ಟಿಕೊಂಡು ಹೋಗುವವನು. ಈ ಸಲ ವಿಡಿಯೋ ಇಲ್ಲ, ಲೈಟಿನವನಿಲ್ಲ, ನಾನೊಬ್ಬನೇ. ಐವತ್ತರಲ್ಲಿ ನನ್ನದೂ ಒಂದು ತಲೆ ಎಂದು ಎಣಿಸಿಯೇ ಕರೆದಿದ್ದರು. ನನ್ನಿಂದಾಗಿ ಯಾವುದೋ ಚಿಕ್ಕಪ್ಪನೊಬ್ಬ ಉಳಿದುಕೊಂಡನಂತೆ. ಅದನ್ನು ಹೆಣ್ಣಿನ ತಾಯಿ ಎರಡು ಸಲ ನೆನಪಿಸಿದರು.

ಹೆಣ್ಣಿನ ವಿಚಾರ ಮೊದಲೇ ಕಿವಿಗೆ ಬಿದ್ದಿತ್ತು. "ಫೋಟೋ ಅಂದ್ರ ಆಗಲ್ಲ ಅವ್ಳಿಗ. ನೀವೇ ಏನಾರ ಮಾಡಿ" ಎಂದು ಅಡ್ವಾನ್ಸ್ ಕೊಡುವಾಗಲೇ ತಂದೆ ಹೇಳಿದ್ದರು. ಹತ್ತನೇ ಕ್ಲಾಸಿನ ಗುಂಪು ಫೋಟೋ ತೋರಿಸಿದರು. ಕೊನೆಯ ಸಾಲು, ಉದ್ದನೆಯ ಹುಡುಗಿಯೊಬ್ಬಳ ಹಿಂದೆ ಎರಡು ಟೇಪು ಕಾಣುತ್ತದೆ, ಟೇಪಿನ ಕೆಳಗಿರುವವಳು ಕಾಣುವುದಿಲ್ಲ. ಬರಗಿ ಬರಗಿ ಹುಡುಕಿದರೆ ಇನ್ನೊಂದು ಸಿಕ್ಕಿತು: ಪರೀಕ್ಷೆಯ ಹಾಲ್ ಟಿಕೆಟ್ಟು. ಅದರಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಳೆ. ಗಂಡಿನ ಕಡೆಯವರು ಯಳಂದೂರಿನವರು. ಅವರಿಗೆ ಫೋಟೋ ಕಳಿಸದೆಯೇ ಸಂಬಂಧ ಕುದುರಿತ್ತು. ಹುಡುಗ ನೇರವಾಗಿ ಬಂದು ನೋಡಿ ಒಪ್ಪಿಕೊಂಡು ಹೋಗಿದ್ದ. ಅಪರೂಪದ ಹುಡುಗ ಅಂತ ಆಗಲೇ ಅನ್ನಿಸಿತ್ತು.

ಮಧುವನಹಳ್ಳಿ, ಕಾಮಗೆರೆ, ಮಂಗಲ ದಾಟಿ ಹನೂರು ರಸ್ತೆಯಲ್ಲಿ ಬೈಕು ಓಡಿಸಿಕೊಂಡು ಮದುವೆಯ ಹಿಂದಿನ ದಿನ ಮಧ್ಯಾಹ್ನ ಆ ಮನೆ ಸೇರಿದೆ. ಉದ್ದಕ್ಕೆ ಜಗಲಿಯಿದ್ದ ಹೆಂಚಿನ ಮನೆ. ಹಿತ್ತಿಲ ಕಡೆ ಶೀಟು ಹೊದಿಸಿದ ರೇಷ್ಮೆ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಚಪ್ಪರ ಹಸಿ ತೆಂಗಿನ ಗರಿಯದು. ಬಾಡಿಗೆ ಶಾಮಿಯಾನ ಸಿಕ್ಕಿಲ್ಲವೆಂದು ಅವರು ಬೇಜಾರು ಮಾಡಿಕೊಂಡರೆ ನಾನು ಒಳಗೊಳಗೇ ಕೈಮುಗಿದೆ. ಶಾಮಿಯಾನದ ಕೆಂಪು ನೀಲಿ ಮುಖದ ಮೇಲೆ ಬಿದ್ದರೆ ಎಂಥ ಲಕ್ಷಣವಾದ ಹೆಣ್ಣೂ ಕಾಮಾಲೆಯೋ ಕೆಪ್ಪಟೆಯೋ ಬಂದವಳಂತೆ ಕಾಣುತ್ತಾಳೆ. ಗರಿಯ ಚಪ್ಪರದ ಹಸಿರು ಅಷ್ಟು ಉಪದ್ರವಿಯಲ್ಲ, ತಿದ್ದಬಹುದು.

ಸಂಜೆ ಬಳೆ ತೊಡಿಸುವ ಶಾಸ್ತ್ರ. ನಡುಮನೆಯಲ್ಲಿ ಹೆಂಗಸರ ನಡುವೆ ಹೆಣ್ಣು ಕೂತಿದ್ದಳು, ಮೈಗೆಲ್ಲ ಅರಿಶಿನ. ಸೋಬಾನೆ ಹೇಳುವ ಇಬ್ಬರು ಮುದುಕಿಯರು ಮಾಸ್ಕಿನೊಳಗಿಂದಲೇ ರಾಗ ಎಳೆಯುತ್ತಿದ್ದರು. ಅವಳು ಅಕ್ಕಪಕ್ಕದವರ ಜತೆ ಗಟ್ಟಿಯಾಗಿ ಮಾತಾಡಿಕೊಂಡು, ಬಳೆಗಾರತಿಯ ಜತೆ ಬೆಲೆಗೆ ಜಗಳವಾಡಿಕೊಂಡು ಇದ್ದಳು. ಇದೇನು ನಾಚಿಕೆಯ ಹೆಣ್ಣು ಎಂದುಕೊಂಡು ಕ್ಯಾಮೆರಾ ಮೇಲೆತ್ತಿದೆ. ಬಾಗಿಲು ಹಾಕಿದ ಹಾಗಾಯಿತು. ಮಾತು ನಿಂತಿತು, ಭುಜ ಎರಡೂ ಕಿವಿಯ ಹತ್ತಿರ ಬಂದವು, ಗಲ್ಲ ಎದೆಗೆ ಅಂಟಿತು.

"ತಲೆ ಎತ್ತಮ್ಮ" ಎಂದೆ.

"ತಲ ತಗ್ಸವ್ವ, ಇನ್ನೊಸಿ ತಗ್ಸು" ಅಂತ ಹಿಂದಿನಿಂದ ಅಜ್ಜಿಯ ದನಿ.

ಇಬ್ಬರೂ ಒಂದೇ ಉಸಿರಿನಲ್ಲಿ ಅಂದಿದ್ದೆವು. ಹೆಂಗಸರೆಲ್ಲ ಘೊಳ್ಳೆಂದರು. ನನಗೆ ಮಾತ್ರ ಎಲ್ಲೋ ಚುಚ್ಚಿತು. ಇಪ್ಪತ್ತೈದು ವರ್ಷದಿಂದ ಎಷ್ಟು ಸಾವಿರ ಕತ್ತುಗಳಿಗೆ ನಾನು ಈ ಅಪ್ಪಣೆ ಕೊಟ್ಟಿದ್ದೇನೆ! ಪ್ರತಿ ಮನೆಯಲ್ಲೂ ಒಬ್ಬಳು ಅಜ್ಜಿ ಹಿಂದೆ ಕೂತು ಅದಕ್ಕೆ ತಿರುಗಾ ಹೇಳಿಯೇ ಇರುತ್ತಾಳೆ, ನನ್ನ ಕಿವಿಗೆ ಬಿದ್ದಿರಲಿಲ್ಲ ಅಷ್ಟೆ.

ಯೋಚಿಸುತ್ತ ಹೋದರೆ, ಹಳೆಯ ಮದುವೆಯಲ್ಲಿ ಹೆಣ್ಣಿಗೆ ಅಡಗಿಕೊಳ್ಳಲು ಎಷ್ಟೊಂದು ಜಾಗ ಮಾಡಿಕೊಟ್ಟಿದ್ದರು! ಮೊದಲು ಅರಿಶಿನ ಬಳಿದು ಮುಖದ ಗುರುತೇ ಸಿಗದ ಹಾಗೆ ಮಾಡುತ್ತಾರೆ. ಆಮೇಲೆ ಹಣೆಗೆ ಬಾಸಿಂಗ ಕಟ್ಟುತ್ತಾರೆ, ಅದರ ಮಣಿ ಕುಚ್ಚು ಕಣ್ಣಿನ ಮುಂದೆ ಜೋಲಾಡುತ್ತಿರುತ್ತವೆ. ತಲೆಯ ಮೇಲೆ ಸೆರಗು. ಗಂಡಿನ ಎದುರು ನಿಲ್ಲಿಸುವಾಗಲೂ ನಡುವೆ ಒಂದು ತೆರೆ ಹಿಡಿಯುತ್ತಾರೆ. ಇಷ್ಟೂ ಸಾಲದೆ ತಲೆ ತಗ್ಗಿಸಿರು ಎನ್ನುವ ಅಜ್ಜಿಯ ಕಾವಲು. ಅದೆಲ್ಲ ಹೆಣ್ಣನ್ನು ಬಗ್ಗಿಸಲು ಮಾಡಿದ್ದೇ ಇರಬಹುದು, ನಾನೇನೂ ಅದರ ವಕೀಲನಲ್ಲ. ಆದರೆ ಬಗ್ಗಿಸಲೆಂದು ಕಟ್ಟಿದ ಗೋಡೆಯ ಮರೆಯಲ್ಲಿ ನಾಚಿಕೆಯವಳೊಬ್ಬಳು ನೆರಳಿಗೆ ನಿಂತಿದ್ದಳು ಅನ್ನೋದೂ ನಿಜ. ನಾವು ಫೋಟೋದವರು ಬಂದೆವು. ಅರಿಶಿನ ಒರೆಸಿ ಮೇಕಪ್ ಹಾಕಿಸಿದೆವು. ಮುಖಕ್ಕೆ ನೆರಳು ಬೀಳುತ್ತೆ ಎಂದು ಬಾಸಿಂಗ ಮೇಲೆ ಸರಿಸಿದೆವು. ತೆರೆಯನ್ನು ಇನ್ನೂ ಸ್ವಲ್ಪ ಕೆಳಗೆ ಹಿಡಿಯಿರಿ ಸ್ವಾಮಿ, ಇಬ್ಬರೂ ಫ್ರೇಮಿಗೆ ಬರಲಿ ಎಂದು ಪುರೋಹಿತರಿಗೇ ಹೇಳಿದೆವು. ಪಾಪ, ಅವರೂ ಹಿಡಿದರು.

ಅಜ್ಜಿಯ ಪಕ್ಕ ಹೋಗಿ ಕೂತೆ. "ನಿಮ್ದೊಂದು ತಗೀಲಾ ಅಜ್ಜಿ?" ಎಂದೆ.

"ಬ್ಯಾಡ ಕಣಪ್ಪ. ಪಟ ಹಿಡುಸ್ಕಂಡ್ರ ಆಯಸ್ಸು ಕಮ್ಮಿ ಅಂತಿದ್ಳು ನಮ್ಮವ್ವ."

"ಓಟಿನ ಚೀಟೀಲಿ ಹಿಡಿಸ್ಕೊಂಡಿದೀರಲ್ಲ?"

"ಅದ ಸರ್ಕಾರದೋರು ಹಿಡ್ದುದ್ದು. ನಾ ಕೊಟ್ಟುದ್ದಲ್ಲ."

ನಕ್ಕುಬಿಟ್ಟೆ. ನಮ್ಮ ಸೀಮೆಯಲ್ಲಿ ಎಷ್ಟೋ ಮುದುಕ ಮುದುಕಿಯರ ಮೊದಲ ಪಟ ಅದೇ. 1993ರಲ್ಲಿ ಚುನಾವಣಾ ಆಯೋಗದ ಶೇಷನ್ ಅವರು ಮತದಾರರ ಚೀಟಿಗೆ ಭಾವಚಿತ್ರ ಆಗಲೇಬೇಕೆಂದು ಹಟ ಹಿಡಿದಿರದಿದ್ದರೆ ಬಹಳ ಮನೆಗಳ ಗೋಡೆಯಲ್ಲಿ ಹಾರ ಹಾಕಲು ಏನೂ ಇರುತ್ತಿರಲಿಲ್ಲ. ಸತ್ತವರ ಚೀಟಿ ತಂದು "ಇದನ್ನ ದೊಡ್ಡದು ಮಾಡ್ಕೊಡಿ, ತಿಥಿಗೆ ಬೇಕು" ಅನ್ನುವವರು ಇವತ್ತಿಗೂ ನನ್ನ ಸ್ಟುಡಿಯೋಗೆ ಬರುತ್ತಾರೆ. ಅಂಗುಲದಷ್ಟು ಚೌಕದಲ್ಲಿ ಬೆದರಿ ನೋಡುವ ಮುಖಕ್ಕೆ ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆ ಉಡಿಸಿ, ಹಿಂದೆ ಒಂದು ಜಲಪಾತ ಇಟ್ಟು ಕೊಡುತ್ತೇನೆ. ಭರಚುಕ್ಕಿಗೆ ಒಂದು ದಿನವೂ ಹೋಗದವರು ಸತ್ತ ಮೇಲೆ ಅಲ್ಲಿ ನಿಲ್ಲುತ್ತಾರೆ.

ಆ ಹೊತ್ತಿಗೆ ಹೆಣ್ಣೇ ಒಂದು ರಾಜಿ ಸೂತ್ರ ಮುಂದಿಟ್ಟಳು. ತಲೆ ತಗ್ಗಿಸಿಕೊಂಡೇ, ಎರಡೂ ಕೈ ಮುಂದೆ ಚಾಚಿ, "ಕೈ ಬೇಕಾರ ತಕ್ಕಳಿ ಅಣ್ಣ" ಎಂದಳು. ಹಸಿರು ಗಾಜಿನ ಬಳೆ, ಅರಿಶಿನ. ಸೊಪ್ಪು ಮುರಿದೂ ಮುರಿದೂ ಹೆಬ್ಬೆರಳಿನ ಸಂದಿ ಕಪ್ಪಾಗಿತ್ತು, ಅರಿಶಿನಕ್ಕೂ ಆ ಕಪ್ಪು ಮುಚ್ಚಿರಲಿಲ್ಲ. ತೆಗೆದೆ.

ರಾತ್ರಿ ಊಟವಾಗಿ ಜಗಲಿಯ ಮೇಲೆ ಮೈ ಚಾಚಿದ್ದೆ. ಹಿತ್ತಿಲಲ್ಲಿ ಗದ್ದಲ. ನಾಳೆ ಮುಹೂರ್ತ ಅನ್ನೋದು ಹುಳಕ್ಕೆ ಏನು ಗೊತ್ತು? ಪೊರೆ ಬಿಡುವ ನಾಲ್ಕು ಜ್ವರ ಮುಗಿಸಿ, ವಾರ ಪೂರ್ತಿ ಮಳೆ ಸುರಿದ ಸದ್ದಿನಲ್ಲಿ ಸೊಪ್ಪು ತಿಂದ ಹುಳು ಅದೇ ರಾತ್ರಿ ಹಣ್ಣಾಗಲು ಶುರುವಾಗಿತ್ತು. ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಹೋಯಿತು. ಆ ವರ್ಷ ಮೊದಲೇ ಗೂಡಿನ ಬೆಲೆ ನೆಲ ಕಚ್ಚಿತ್ತು. ಮದುವೆಗೆ ಬಂದ ನೆಂಟರೆಲ್ಲ ಪಂಚೆ ಎತ್ತಿ ಕಟ್ಟಿಕೊಂಡು ಹುಳ ಆರಿಸಲು ನಿಂತಿದ್ದರು, ಸೋದರಮಾವನೂ ಸೇರಿ. ಹೆಣ್ಣಿಗೆ ಮಾತ್ರ ಒಳಗೆ ಹೋಗಲು ಬಿಡಲಿಲ್ಲ. ಅರಿಶಿನ ಮೆತ್ತಿದ ಮೈ, ಅದರ ವಾಸನೆ ಹುಳಕ್ಕಾಗದು. ಅರಿಶಿನ ಮೆತ್ತಿದವಳು ಕತ್ತಲಲ್ಲಿ ಹೊರಗೆ ಓಡಾಡುವುದು ಅಜ್ಜಿಗಾಗದು. ಇಬ್ಬರ ಮಾತಿಗೂ ಅರ್ಧರ್ಧ ಬೆಲೆ ಕೊಟ್ಟು ಅವಳು ಹುಳದ ಮನೆಯ ಬಾಗಿಲಲ್ಲಿ ನಿಂತುಕೊಂಡಿದ್ದಳು.

ಅಲ್ಲಿಂದಲೇ ದರ್ಬಾರು. "ಅದ ಇನ್ನೂ ಕಾಯಿ ಮಾವ, ಬುಡು. ತಲ ಎತ್ಗಂಡು ಆಡುಸ್ತದಲ್ಲ, ಅದ ಹಣ್ಣು. ಅದ ಎತ್ಗ... ಒಂದೇ ಕಡ ಗುಡ್ಡ ಹಾಕ್ಬ್ಯಾಡ, ಅಂಟ್ಕಂಡು ಜೋಡಿಗೂಡು ಆದವು. ಆ ಬಲ್ಬ ಅತ್ಲಾಗ ತಿರುಗ್ಸು, ಬೆಳಕಿಗ ಎಲ್ಲಾ ಒಂದು ಮೂಲಗ ಹೊಂಟೋಯ್ತವ."

ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ತಡಕಾಡುತ್ತದೆ. ನೂಲಿನ ಮೊದಲ ಎಳೆ ಅಂಟಿಸಲು ಒಂದು ಆಸರೆ ಬೇಕು ಅದಕ್ಕೆ. ಕಣ್ಣು ಕುಕ್ಕುವ ಬೆಳಕಾದರೆ ಕತ್ತಲ ಮೂಲೆಗೆ ಸರಿಯುತ್ತದೆ. ಮೂರು ದಿನ ತನ್ನ ಸುತ್ತ ತಾನೇ ಕಟ್ಟಿಕೊಂಡು ಕಾಣೆಯಾಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಕೊಳ್ಳೇಗಾಲದವನಿಗೆ ಹೊಸದಲ್ಲ. ಆದರೆ ಒಳಗಿನ ಬಲ್ಬಿನ ಬೆಳಕು ಬಾಗಿಲಲ್ಲಿ ನಿಂತವಳ ಅರಿಶಿನದ ಮುಖಕ್ಕೆ ಬಿದ್ದಿತ್ತು. ಗಲ್ಲ ಮುಂದೆ ಮಾಡಿ ದೂರದ ಚಂದ್ರಿಕೆಯೊಂದನ್ನು ತೋರಿಸುತ್ತಿದ್ದಳು. ಅವಳ ಕತ್ತು ಅಷ್ಟು ನೆಟ್ಟಗಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಯಾಮೆರಾ ತಂದೆ. ಫ್ಲ್ಯಾಶ್ ಇಲ್ಲ, ಐವತ್ತರ ಲೆನ್ಸು, ಐಎಸ್‌ಓ 6400.

ಟಕ್.

ಅವಳು ತಿರುಗಿ ನೋಡಿದಳು. ಕೂಗಾಡಲಿಲ್ಲ. "ಒಂದೇ ತಾನೇ ಅಣ್ಣ?" ಎಂದಳು.

"ಒಂದೇ" ಎಂದೆ. ಮೂರಿದ್ದವು.

ಕ್ಯಾಂಡಿಡ್ ಎಂದು ಈಗಿನ ಹುಡುಗರು ಹೆಚ್ಚಿಗೆ ಎರಡು ಪಟ್ಟು ರೇಟು ಹಾಕುತ್ತಾರಲ್ಲ, ಅದು ಕಳ್ಳತನಕ್ಕೆ ಇಟ್ಟ ಇಂಗ್ಲಿಷ್ ಹೆಸರು. ಕದಿಯುವಾಗ ಸಿಗುವ ಸಂತೋಷವೂ ಅದರದ್ದೇ, ಆಮೇಲೆ ಕಾಡುವುದೂ ಅದರದ್ದೇ. ಸಂಕೋಚವಾಗಿ ಅಲ್ಲೇ ನಿಂತೆ. ಅವಳೇ ಮಾತು ತೆಗೆದಳು. "ನಂಗ ಜನ ಕಂಡ್ರ ನಾಚ್ಕ ಇಲ್ಲ ಕಣಣ್ಣ. ಜನ ನೋಡ್ತರ, ಮರ್ತೋಯ್ತರ. ಇದ ಮರ್ಯಲ್ಲ" ಎಂದು ಕ್ಯಾಮೆರಾದ ಕಡೆ ಗಲ್ಲ ತೋರಿಸಿದಳು. "ಛತ್ರದಲ್ಲಾಗಿದ್ರ ಸಾವ್ರ ಜನ. ಸ್ಟೇಜ್ ಮ್ಯಾಲ ನ್ಯಾತಾಕ್ದಂಗ ಮೂರು ಗಂಟ ನಿಲ್ಬೇಕಾಗಿತ್ತು. ಕೊರೋನಾ ಬಂದದ್ದು ನಂಗೊಂದ ಒಳ್ಳೇದಾಯ್ತು, ಯಾರ್ಗೂ ಹೇಳ್ಬ್ಯಾಡಿ." ಇಷ್ಟು ವರ್ಷವಾದ ಮೇಲೆ ಹೇಳುತ್ತಿದ್ದೇನೆ.

ಬೆಳಗ್ಗೆ ಅವಳ ಬತ್ತಳಿಕೆಯಲ್ಲಿ ಇನ್ನೊಂದು ಅಸ್ತ್ರವಿತ್ತು: ಮಾಸ್ಕ್. ರವಿಕೆ ಬಟ್ಟೆಯಲ್ಲೇ ಹೊಲಿಸಿದ್ದು, ಅಂಚಿಗೆ ಜರಿ. ಬಾಸಿಂಗ ಹಣೆಯಿಂದ ಕಣ್ಣಿಗೆ ಇಳಿದರೆ ಮಾಸ್ಕು ಗಲ್ಲದಿಂದ ಕಣ್ಣಿಗೆ ಏರಿತ್ತು. ನಡುವೆ ಎರಡು ರೆಪ್ಪೆ ಉಳಿದಿದ್ದವು, ಅವೂ ಮುಚ್ಚಿದ್ದವು. "ಒಂದು ನಿಮಿಷ ಮಾಸ್ಕ್ ತೆಗೀರಮ್ಮ" ಎಂದರೆ, "ಸರ್ಕಾರದ ರೂಲ್ಸು ಅಣ್ಣ" ಎಂಬ ಉತ್ತರ. ಐವತ್ತು ಜನರಲ್ಲಿ ಆ ರೂಲ್ಸನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವಳು ಅವಳೊಬ್ಬಳೇ. ಪಂಚಾಯ್ತಿಯಿಂದ ತಪಾಸಣೆಗೆ ಬಂದವರ ಮಾಸ್ಕು ಕೂಡ ಪಾಯಸದ ಹೊತ್ತಿಗೆ ಜೇಬು ಸೇರಿತ್ತು.

ನನ್ನ ಮೂರು ವಾಕ್ಯಗಳನ್ನು ಮಡಿಸಿ ಚೀಲಕ್ಕೆ ಹಾಕಿದೆ. ಫ್ಲ್ಯಾಶನ್ನೂ ಹಾಕಿದೆ. ಅದರ ಬೆಳಕಿಗೆ ಜರಿ ಬೆಂಕಿ ಹತ್ತಿದಂತೆ ಉರಿಯುತ್ತದೆ, ಹೆಣ್ಣು ಇನ್ನಷ್ಟು ಮುದುಡುತ್ತಾಳೆ. ನಡುಮನೆಯ ಹೆಂಚಿನಲ್ಲಿ ಎರಡು ಬೆಳಕಿಂಡಿಗಳಿದ್ದವು. ಗಾಜಿನ ಹೆಂಚಿನಿಂದ ಇಳಿಯುವ ಆ ಬೆಳಕಿನ ಕೋಲು ಹತ್ತು ಗಂಟೆಗೆ ಹಸೆಯ ಹತ್ತಿರ ಬರುತ್ತದೆಂದು ಹಿಂದಿನ ದಿನವೇ ಅಂದಾಜು ಮಾಡಿಟ್ಟಿದ್ದೆ. ಒಂದು ಕಂಬಕ್ಕೆ ಒರಗಿ ಅಲ್ಲೇ ಕೂತುಬಿಟ್ಟೆ. ಫ್ರಾನ್ಸಿನ ಕಾರ್ಟಿಯೆ-ಬ್ರೆಸ್ಸೋನ್ ತನ್ನ ಕ್ಯಾಮೆರಾದ ಹೊಳೆಯುವ ಭಾಗಗಳಿಗೆಲ್ಲ ಕಪ್ಪು ಟೇಪು ಸುತ್ತಿಕೊಂಡು ಓಡಾಡುತ್ತಿದ್ದ, ಫ್ಲ್ಯಾಶ್ ಮುಟ್ಟುತ್ತಿರಲಿಲ್ಲ. ಗಾಂಧೀಜಿಯನ್ನು ಅವರ ಕೊನೆಯ ದಿನ ಕಂಡು ಫೋಟೋ ತೆಗೆದವನು ಅವನೇ. ಊರಿಗೆಲ್ಲ ಕಣ್ಣು ಹಾಕಿದ ಆ ಮನುಷ್ಯನಿಗೆ ತನ್ನ ಫೋಟೋ ತೆಗೆದರೆ ಮಾತ್ರ ಆಗುತ್ತಿರಲಿಲ್ಲ. 1975ರಲ್ಲಿ ಆಕ್ಸ್‌ಫರ್ಡಿನವರು ಗೌರವ ಡಾಕ್ಟರೇಟ್ ಕೊಟ್ಟಾಗ ಕಾಗದವೊಂದನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದನಂತೆ. ಅವನಿಗೆ ಕಾಗದ, ಇವಳಿಗೆ ಮಾಸ್ಕು. ಅವನದ್ದನ್ನು ಮೇಧಾವಿಯ ಲಹರಿ ಅನ್ನುತ್ತೇವೆ, ಹನೂರಿನ ಹುಡುಗಿಯದಾದರೆ "ಏನವ್ವ ನಿನ್ ರಗಳೆ!"

ಕೂತಲ್ಲಿಂದ ಏನೇನು ಬಂತೋ ಅದನ್ನು ತೆಗೆದೆ. ಹಾಲುಗಂಬಕ್ಕೆ ಸುತ್ತು ಬರುವಾಗಿನ ಪಾದ. ಐರಣೆ ಮಡಕೆಯ ಬಿಳಿ ಚುಕ್ಕಿಗಳ ಪಕ್ಕ ಸೀರೆಯ ಅಂಚು. ತೆರೆಯ ಕೆಳಗೆ ಇಣುಕಿದ ನಾಲ್ಕು ಕಾಲ್ಬೆರಳು. ಮುಯ್ಯಿ ಬರೆಯುವ ಮೇಷ್ಟರ ನೋಟ್‌ಬುಕ್ಕು. ಅದರಲ್ಲಿ ಬಾರದೇ ಇದ್ದವರು ಕಳಿಸಿದ ಮುಯ್ಯಿಯೇ ಹೆಚ್ಚಿತ್ತು. ಆಮೇಲೆ ಧಾರೆ. ಇಡೀ ಮದುವೆಯಲ್ಲಿ ಮುಖ್ಯ ಫೋಟೋ ಯಾವುದು ಅಂದರೆ ನಮ್ಮ ಕಸುಬಿನವರೆಲ್ಲ ಧಾರೆ ಅನ್ನುತ್ತೇವೆ. ಅದರಲ್ಲಿ ಮುಖ ಎಲ್ಲಿ ಬರುತ್ತದೆ? ಒಂದರ ಮೇಲೊಂದು ಇಟ್ಟ ಕೈಗಳು, ಮೇಲಿನಿಂದ ಬೀಳುವ ಹಾಲು. ಕೆಳಗಿನ ಕೈಯ ಹೆಬ್ಬೆರಳಿನ ಕಪ್ಪು ಆ ಹಾಲಿನಲ್ಲಿ ಎಷ್ಟು ಚೆನ್ನಾಗಿ ಎದ್ದು ಕಂಡಿತು ಅಂದರೆ, ಕ್ಯಾಮೆರಾ ಕೆಳಗಿಳಿಸಿದ ಮೇಲೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆ.

ಊಟದ ಹೊತ್ತಿಗೆ ಹೆಣ್ಣಿನ ತಾಯಿ ಕ್ಯಾಮೆರಾದ ಪರದೆಯಲ್ಲಿ ಫೋಟೋ ನೋಡಿದರು. ಪಾದ, ಕೈ, ಬೆನ್ನು, ಜಡೆ, ಬಾಸಿಂಗ. ಅವರ ಮುಖ ಕಪ್ಪಿಟ್ಟಿತು. "ಇಷ್ಟ್ ದುಡ್ಡು ಕೊಟ್ಟು ನಮ್ ಕೂಸಿನ ಬೆನ್ನ ನೋಡ್ಕಂಡು ಕುಂತ್ಕಬೇಕಾ?" ನ್ಯಾಯವಾದ ಪ್ರಶ್ನೆಯೇ. ಮಗಳು ನಾಳೆಯಿಂದ ಮನೆಯಲ್ಲಿರುವುದಿಲ್ಲ. ಗೋಡೆಗೆ ಒಂದು ಮುಖ ಬೇಕು ಎಂದು ಅವರು ಕೇಳುವುದರಲ್ಲಿ ತಪ್ಪೇನಿದೆ? ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಸುಮ್ಮನಾದೆ.

ಉತ್ತರ ಹುಡುಕಿದವನು ಮದುಮಗ. ಮೂರನೆಯ ದಿನ ಯಳಂದೂರಿಗೆ ಬನ್ನಿ, ಬಳೆಮಂಟಪದ ಹತ್ತಿರ ಒಂದು ತೆಗೆಯಿರಿ ಎಂದ. ಹೋದೆ. ಯಳಂದೂರು ಎಂದರೆ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು, ಅದು ಎಲ್ಲರಿಗೂ ಗೊತ್ತು. ಸಂಚಿಯ ಹೊನ್ನಮ್ಮನ ಊರೂ ಅದೇ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು ಕೂತು 'ಹದಿಬದೆಯ ಧರ್ಮ' ಬರೆದಳು. ಒಳ್ಳೆಯ ಹೆಂಡತಿ ಹೇಗಿರಬೇಕೆಂಬ ಪಾಠವೆಲ್ಲ ಅದರಲ್ಲಿದೆ. ನಮ್ಮ ಅಜ್ಜಿಯ "ತಲ ತಗ್ಸವ್ವ" ಕೂಡ ಒಂದು ಬಗೆಯಲ್ಲಿ ಅದರ ಕಿರು ಆವೃತ್ತಿ. ಅದೇ ಹೊತ್ತಗೆಯಲ್ಲಿ ಹೆಣ್ಣೆಂದು ಯಾಕೆ ಹಳಿಯುತ್ತೀರಿ ಎಂದು ನೆಟ್ಟಗೆ ಕೇಳಿದವಳೂ ಅವಳೇ. ಹೊನ್ನಮ್ಮ ಹೇಗಿದ್ದಳು ಎಂದು ತೋರಿಸುವ ಒಂದು ಗೆರೆಯೂ ನಮಗೆ ಉಳಿದಿಲ್ಲ. ಅವಳ ಮಾತು ಮಾತ್ರ ನೆಟ್ಟಗೆ ನಿಂತಿದೆ.

ಗೌರೀಶ್ವರ ದೇವಸ್ಥಾನದ ಮುಂದಿನ ಮಂಟಪ ಹದಿನಾಡ ಅರಸರ ಕಾಲದ್ದು. ಅದರ ಮೂಲೆಯಿಂದ ಕಲ್ಲಿನ ಬಳೆಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡು ಇಳಿದಿವೆ, ಅಷ್ಟೂ ಒಂದೇ ಕಲ್ಲಿನಲ್ಲಿ ಕಡೆದದ್ದು. ಅದರಿಂದಲೇ ಬಳೆಮಂಟಪ ಎಂಬ ಹೆಸರು. ಹುಡುಗಿ ಅದುವರೆಗೆ ನೋಡಿರಲಿಲ್ಲ. ಕೈತುಂಬ ಹಸಿರು ಬಳೆಯಿಟ್ಟುಕೊಂಡು ಬಂದು ಕೆಳಗೆ ನಿಂತಳು. ನಾನು ಸಾಕಷ್ಟು ದೂರದಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

"ಎಷ್ಟವ ನೋಡು" ಎಂದು ಗಂಡ ಮೇಲಕ್ಕೆ ಬೆರಳು ಮಾಡಿದ.

ಅವಳು ತಲೆ ಎತ್ತಿದಳು. ಎಣಿಸುತ್ತ ಎಣಿಸುತ್ತ ಇನ್ನೂ ಎತ್ತಿದಳು. ಹಗಲಿನ ಬೆಳಕು ಪೂರ್ತಿ ಮುಖದ ಮೇಲಿತ್ತು. ನಾನು ಇಪ್ಪತ್ತೈದು ವರ್ಷ ಬಾಯಿ ನೋಯಿಸಿಕೊಂಡು ಮಾಡಿಸಿದ್ದನ್ನು ಹೆಸರು ಗೊತ್ತಿಲ್ಲದ ಯಾವನೋ ಕಲ್ಲುಕುಟಿಗ ಸದ್ದಿಲ್ಲದೆ ಮಾಡಿಸಿದ್ದ. ಒಂದು, ಎರಡು, ಮೂರು, ನಾಲ್ಕು ತೆಗೆದೆ. ಪರದೆಯಲ್ಲಿ ನೋಡಿಕೊಂಡಾಗಲೇ ಹೊಳೆದದ್ದು, ಮಾಸ್ಕು ಹಾಗೇ ಇತ್ತು.

ಅದೇ ಈಗ ಅವಳ ತವರಿನ ಗೋಡೆಯ ಮೇಲಿದೆ, ಹದಿನಾರು ಇಂಚು ಎತ್ತರಕ್ಕೆ. ತಾಯಿ ಒಪ್ಪಿಕೊಂಡರು. "ಕಣ್ಣಾದ್ರೂ ಬುಟ್ಟವಲ್ಲ" ಎಂದರು.

ಆಲ್ಬಮ್ ಜೋಡಿಸುವಾಗ ಹುಳದ ಮನೆಯ ಬಾಗಿಲ ಫೋಟೋವನ್ನು ನಡುವಿನ ಎರಡು ಪುಟಕ್ಕೆ ಹರಡಿ ಇಟ್ಟಿದ್ದೆ. ನನ್ನ ಜನ್ಮದಲ್ಲಿ ನಾನು ತೆಗೆದ ಒಳ್ಳೆಯ ಹತ್ತರಲ್ಲಿ ಅದೊಂದು. ಡಿಸೈನ್ ನೋಡಿ ಒಪ್ಪಿಗೆ ಹೇಳಿ ಎಂದು ಗಂಡನ ವಾಟ್ಸಾಪಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು, ಆಡಿದವಳು ಅವಳು. "ಹುಳದ ಮನದ್ದ ತಗುದ್ಬುಡಿ ಅಣ್ಣ. ಅದ ಮದುವದ್ದಲ್ಲ, ನಂದು."

"ಆಯ್ತಮ್ಮ" ಎಂದೆ.

"ಇನ್ನೆರಡೂ ಅಳುಸ್ಬುಡಿ."

"ಎರಡು ಯಾವುದಮ್ಮ?"

"ಟಕ್ ಅಂದದ್ದ ಎಣಿಸ್ದೆ. ಮೂರು."

ನಡುಪುಟಕ್ಕೆ ಧಾರೆಯ ಕೈ ಹಾಕಿ ಆಲ್ಬಮ್ ಮುಗಿಸಿದೆ. ಆ ಮೂರರಲ್ಲಿ ಎರಡನ್ನು ಅಳಿಸಿದೆ. ಇನ್ನೊಂದರ ಮೇಲೆ ಬೆರಳು ಇಟ್ಟೆ, ಒತ್ತಲು ಆಗಲಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಸ್ಟುಡಿಯೋ ಬಾಗಿಲಲ್ಲಿ ಅವಳೇ ನಿಂತಿದ್ದಳು, ಕಂಕುಳಲ್ಲಿ ಮಗು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಪಾಸ್‌ಪೋರ್ಟ್ ಸೈಜು, ಎಂಟು ಕಾಪಿ ಬೇಕು ಎಂದಳು. ಯಳಂದೂರಿನ ಅತ್ತೆಮನೆಯ ಎರಡೆಕರೆಗೆ ಕಡ್ಡಿ ನಾಟಿ ಮಾಡಿದ್ದಾಳೆ, ಹುಳದ ಮನೆ ಕಟ್ಟಿಸಲು ರೇಷ್ಮೆ ಇಲಾಖೆಗೆ ಸಹಾಯಧನದ ಅರ್ಜಿ ಹಾಕುತ್ತಿದ್ದಾಳೆ, ಅರ್ಜಿ ಅವಳ ಹೆಸರಿಗೇ. ಮಗುವನ್ನು ನನ್ನ ಕೈಗೆ ಕೊಟ್ಟಳು. ಸ್ಟೂಲಿನ ಮೇಲೆ ಕೂತಳು. ಸೆರಗು ಸರಿಮಾಡಿಕೊಂಡಳು. ನಾನು ಮಗುವನ್ನು ಕುರ್ಚಿಯ ಮೇಲೆ ಕೂರಿಸಿ ಕ್ಯಾಮೆರಾ ಹಿಂದೆ ಬಂದು ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆ ಎತ್ತಿ ನೇರ ಲೆನ್ಸಿನೊಳಕ್ಕೆ ನೋಡುತ್ತಿದ್ದಳು. ರೆಪ್ಪೆ ಕೂಡ ಅಲುಗಲಿಲ್ಲ. ಒಂದೇ ಸಲಕ್ಕೆ ಮುಗಿಯಿತು.

"ಏನಮ್ಮ ಇದು, ಇವತ್ತು ನಾಚಿಕೆ ಎಲ್ಲಿ ಹೋಯ್ತು?"

"ಇದ ಸರ್ಕಾರಕ್ಕ ತಾನೇ ಅಣ್ಣ. ಸರ್ಕಾರ ನೋಡ್ಕಂಡು ಏನ್ ಮಾಡ್ತದ?"

ಪ್ರಿಂಟು ಬರುವ ತನಕ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡಿಕೊಂಡು ಬಂದಳು. ಎಂಟು ಕಾಪಿ ಕತ್ತರಿಸಿ ಕವರಿಗೆ ಹಾಕುತ್ತಿದ್ದೆ. ನನ್ನ ಕಡೆ ನೋಡದೆ ಕೇಳಿದಳು, "ಆ ಒಂದ ಇನ್ನೂ ಇದ್ದದಾ?"

ಕತ್ತರಿ ನಿಂತಿತು. ಸುಳ್ಳು ಹೇಳಿದರೆ ಎಣಿಸಿ ಹೇಳುವವಳು. "ಇದೆಯಮ್ಮ" ಎಂದೆ.

"ದೊಡ್ಡದು ಮಾಡಿ ಕೊಡಿ. ಹೊಸ ಹುಳದ ಮನಗ ಹಾಕ್ತಿನಿ."

"ಅಲ್ಲಿ ಯಾರು ನೋಡ್ತಾರಮ್ಮ?"

"ಹುಳದ ಮನಗ ಹೊರಗ್ನೋರ ಬುಡಲ್ಲ ಕಣಣ್ಣ" ಎಂದಳು. "ಹುಳ ನೋಡ್ತವ."

ಬಾಗಿಲ ತನಕ ಹೋದವಳು ತಿರುಗಿ ಬಂದಳು. ಬೆಳೆ ಬೆಳೆಗೂ ಒಳಗೆಲ್ಲ ಬ್ಲೀಚಿಂಗ್ ಹೊಡೀತೀವಿ, ಬಣ್ಣ ಹೋಗದ ಹಾಗೆ ಮಾಡಿಕೊಡಿ, ಅದಕ್ಕೆ ಬೇರೆ ದುಡ್ಡು ಕೇಳಬೇಡಿ ಎಂದಳು. ಲ್ಯಾಮಿನೇಷನ್ ಹಾಕಿಸಿ, ನಾಲ್ಕೂ ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಕೊಡಿಸಿದೆ.